ಡ್ರಾಯಿಂಗ್ ಪೆನ್ಸಿಲ್ ಕೊಳ್ಳುವಾಗ ಮೊದಲು ತುದಿ ನೋಡಿ, ಬ್ರ್ಯಾಂಡ್ ಆಮೇಲೆ

ಮಾನ್ಯ ಸಂಪಾದಕರೇ,

ಪಾಲಿಟೆಕ್ನಿಕ್, ಐಟಿಐ, ಇಂಜಿನಿಯರಿಂಗ್ ಸೀಟು ಸಿಕ್ಕಿದ ಮಕ್ಕಳ ಮನೆಗಳಲ್ಲಿ ಈಗ ಡ್ರಾಯಿಂಗ್ ಸಾಮಾನು ಕೊಳ್ಳುವ ಗಡಿಬಿಡಿ. ಕಾಲೇಜಿನವರು ಕೊಡುವ ಪಟ್ಟಿಯಲ್ಲಿ ಮಿನಿ ಡ್ರಾಫ್ಟರ್, ಸೆಟ್‌ಸ್ಕ್ವೇರ್, ಶೀಟಿನ ಅಳತೆ ಎಲ್ಲ ಸರಿಯಾಗಿ ಬರೆದಿರುತ್ತದೆ. ಪೆನ್ಸಿಲ್ ವಿಷಯಕ್ಕೆ ಬಂದರೆ ಮಾತ್ರ 'ಮೆಕ್ಯಾನಿಕಲ್ ಪೆನ್ಸಿಲ್ 0.5' ಎಂದಷ್ಟೇ (0.5 ಅಂದರೆ ಒಳಗಿನ ಕಡ್ಡಿಯ, ಅಂದರೆ ಲೆಡ್ಡಿನ, ದಪ್ಪ ಮಿಲಿಮೀಟರಿನಲ್ಲಿ). ಅದನ್ನು ಹಿಡಿದುಕೊಂಡು ಅಂಗಡಿಗೆ ಹೋದರೆ ಶಾಲೆ ಮಕ್ಕಳು ಬರೆಯುವ ಪೆನ್ ಪೆನ್ಸಿಲ್ ಒಂದನ್ನು ಕಟ್ಟಿಕೊಡುತ್ತಾರೆ, ಇಲ್ಲದಿದ್ದರೆ ಮಗ ಮೊಬೈಲಲ್ಲಿ ಯಾವುದೋ ವಿಡಿಯೊ ನೋಡಿ ಸಾವಿರಾರು ರೂಪಾಯಿಯ ಪೆನ್ಸಿಲ್ಲೇ ಬೇಕು ಅಂತ ಹಟ ಹಿಡಿಯುತ್ತಾನೆ. ಎರಡೂ ಬೇಡ. ಮಂಗಳೂರಿನ ಸಿವಿಲ್ ಇಂಜಿನಿಯರುಗಳ ಆಫೀಸುಗಳಲ್ಲಿ ಬೋರ್ಡಿನ ಮೇಲೆ ಮನೆಯ ಪ್ಲಾನ್ ಬರೆದೇ ಜೀವನ ಮಾಡಿದವಳು ನಾನು. ಈಗ ಕದ್ರಿಯ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ಅದಕ್ಕೇ ಈ ಪತ್ರ.

ಕಂಪ್ಯೂಟರ್ ಬಂದ ಮೇಲೆ ಪೆನ್ಸಿಲ್ ಯಾರಿಗೆ ಬೇಕು ಅಂತ ಕೇಳುವವರು ಇದ್ದಾರೆ. ವಿಟಿಯು ಮೊದಲ ವರ್ಷದಲ್ಲಿ ಡ್ರಾಯಿಂಗನ್ನು ಕಂಪ್ಯೂಟರಲ್ಲೇ ಮಾಡಿಸುತ್ತಾರೆ, ನಿಜ. ಆದರೆ ಅದಕ್ಕೂ ಮೊದಲು ಸ್ಕೆಚ್ ಪುಸ್ತಕದಲ್ಲಿ ಕೈಯಲ್ಲೇ ಬರೆಯಬೇಕು. ಐಟಿಐಯ ಡ್ರಾಫ್ಟ್ಸ್‌ಮನ್ ಟ್ರೇಡಿನವರಿಗೆ ಬೋರ್ಡೇ ಮೊದಲ ಪಾಠ. ಆರ್ಕಿಟೆಕ್ಚರ್‌ಗೆ ಹೋಗುವವರಿಗಂತೂ ಪೆನ್ಸಿಲ್ ಬಿಟ್ಟು ದಿನ ಹೋಗುವುದಿಲ್ಲ.

ಸರಿ, ಏನು ನೋಡಿ ಕೊಳ್ಳಬೇಕು? ತುದಿ. ಬರೆಯುವ ಪೆನ್ ಪೆನ್ಸಿಲ್‌ನ ತುದಿ ಕೋನ್ ಹಾಗೆ ಚೂಪಾಗಿ ಇಳಿದು ಅಲ್ಲಿಗೇ ಮುಗಿಯುತ್ತದೆ. ಡ್ರಾಯಿಂಗ್ ಪೆನ್ಸಿಲ್‌ನಲ್ಲಿ ಆ ಕೋನ್ ಮುಗಿದ ಮೇಲೆ ಸುಮಾರು 4 ಮಿಲಿಮೀಟರ್ ಉದ್ದದ, ನೆಟ್ಟಗಿನ, ಸಣ್ಣ ಸ್ಟೀಲ್ ಕೊಳವೆ ಇರುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ಇಡೀ ಶೀಟು ಇದರ ಮೇಲೆ ನಿಂತಿದೆ. ಸೆಟ್‌ಸ್ಕ್ವೇರಿನ ಅಂಚಿಗೆ ಪೆನ್ಸಿಲ್ ಒತ್ತಿ ಹಿಡಿಯಿರಿ. ಕೊಳವೆ ಇದ್ದರೆ ಅದು ಅಂಚಿಗೆ ಪೂರ್ತಿ ತಾಗಿ ಕೂರುತ್ತದೆ, ಲೆಡ್ ಎಲ್ಲಿ ಓಡುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. ಕೋನ್ ತುದಿಯಾದರೆ ಅದರ ದಪ್ಪ ಭಾಗ ಮೊದಲು ಅಂಚಿಗೆ ತಾಗಿ ಲೆಡ್ಡನ್ನು ಆಚೆ ತಳ್ಳುತ್ತದೆ. ಆಗ ಗೆರೆ ಅಂಚಿನಿಂದ ದೂರ ಬೀಳುತ್ತದೆ, ಕೈ ಸ್ವಲ್ಪ ವಾಲಿದರೆ ಆ ದೂರವೂ ಬದಲಾಗುತ್ತದೆ.

ಮೊನ್ನೆ ಒಬ್ಬ ಹುಡುಗ ಶೀಟು ತಂದು ತೋರಿಸಿದ. ಮೂಲೆಗಳಲ್ಲಿ ಒಂದು ಗೆರೆಯೂ ಇನ್ನೊಂದಕ್ಕೆ ಸರಿಯಾಗಿ ಸೇರಿರಲಿಲ್ಲ. ಒಂದು ಕಡೆ ದಾಟಿ ಹೋಗಿದೆ, ಇನ್ನೊಂದು ಕಡೆ ಕೂದಲೆಳೆಯಷ್ಟು ಖಾಲಿ. ನನಗೆ ಕೈ ಬರುವುದಿಲ್ಲ ಆಂಟಿ ಅಂದ. ಅವನ ಕೈಗೆ ಕೊಳವೆ ತುದಿ ಇರುವ ನನ್ನ ಹಳೆಯ ಪೆಂಟೆಲ್ ಕಂಪನಿಯ ಪೆನ್ಸಿಲ್ ಕೊಟ್ಟು ಅದೇ ಚೌಕ ಬರೆಸಿದೆ. ನಾಲ್ಕೂ ಮೂಲೆ ಕೂಡಿದವು. ಕೈಯಲ್ಲಿ ಏನೂ ದೋಷ ಇರಲಿಲ್ಲ, ಕಿಟ್ಟಿನ ಜೊತೆ ಬಂದ ಪೆನ್ಸಿಲ್ ಹಾಗಿತ್ತು. ಎಷ್ಟು ಮಕ್ಕಳು ಹೀಗೆ ಸುಮ್ನೆ ತಮ್ಮನ್ನೇ ಹಳಿದುಕೊಳ್ಳುತ್ತಿದ್ದಾರೋ, ನೆನೆದರೆ ಬೇಸರವಾಗುತ್ತದೆ.

ತುದಿ ಆದ ಮೇಲೆ ಲೆಡ್ ಹಿಡಿಯುವ ಕ್ಲಚ್. ಒಳ್ಳೆಯದರಲ್ಲಿ ಇದು ಹಿತ್ತಾಳೆಯದು. ಅಗ್ಗದ್ದರಲ್ಲಿ ಪ್ಲಾಸ್ಟಿಕ್, ಕೆಲವು ತಿಂಗಳಲ್ಲಿ ಸವೆದು ಲೆಡ್ ಹಿಂದಕ್ಕೆ ಜಾರಲು ಶುರುವಾಗುತ್ತದೆ. ಬಿಚ್ಚಿ ನೋಡಲು ಅಂಗಡಿಯವರು ಬಿಡದಿದ್ದರೆ ಹೀಗೆ ಮಾಡಿ. ಎರಡು ಸಲ ಕ್ಲಿಕ್ ಮಾಡಿ, ಬಿಲ್ಲಿನ ಹಿಂದೆಯೋ ರದ್ದಿ ಕಾಗದದ ಮೇಲೋ ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿ ಮೆಲ್ಲಗೆ ಒತ್ತಿ. ಲೆಡ್ ಒಳಗೆ ಹೋದರೆ ಅಲ್ಲೇ ಇಟ್ಟು ಬನ್ನಿ. ಆಮೇಲೆ ಕೊಳವೆಯನ್ನು ಕಣ್ಣಿನ ಹತ್ತಿರ ಹಿಡಿದು ಪೆನ್ಸಿಲನ್ನು ಬೆರಳಲ್ಲಿ ತಿರುಗಿಸಿ. ತುದಿ ಒಂದೇ ಜಾಗದಲ್ಲಿ ನಿಂತು ತಿರುಗಬೇಕು. ಸುತ್ತು ಹೊಡೆದರೆ ಕೊಳವೆ ಬಾಗಿದೆ ಎಂದು ಅರ್ಥ. ಉಗುರಿನಿಂದ ತುದಿಯನ್ನು ಆಚೀಚೆ ತಳ್ಳಿ ನೋಡಿ, ಅಲ್ಲಾಡಬಾರದು.

ಇನ್ನು ಯಾವ ಪೆನ್ಸಿಲ್ ಅಂತ ಕೇಳುತ್ತೀರಿ ಅಲ್ವಾ. ಪೆಂಟೆಲ್ ಪಿ205 ನನ್ನ ಮೊದಲ ಆಯ್ಕೆ. ಪ್ಲಾಸ್ಟಿಕ್ ಮೈ, 9 ಗ್ರಾಂ ಆಸುಪಾಸು ತೂಕ, ನೋಡಲು ಏನೂ ಇಲ್ಲ. ಆದರೆ ಕೊಳವೆ ಸರಿಯಾಗಿದೆ, ಕ್ಲಚ್ ಗಟ್ಟಿ. 0.3ರಿಂದ 0.9ರವರೆಗೆ ಇದೇ ಸಾಲಿನಲ್ಲಿ ಬೇರೆ ಬೇರೆ ಬಣ್ಣದಲ್ಲಿ ಸಿಗುತ್ತವೆ, ಹಾಗಾಗಿ ಬೋರ್ಡಿನ ಮೇಲೆ ಅದಲು ಬದಲಾಗುವುದಿಲ್ಲ. ಸ್ಟೆಡ್ಲರ್ 925 25 ಇದಕ್ಕಿಂತ ದುಬಾರಿ, ಲೋಹದ ಮೈ, ಹಿಡಿಯುವಲ್ಲಿ ಅರದ ಹಾಗೆ ತರಿ ತರಿ. ನಮ್ಮ ಊರಿನ ಸೆಕೆಗೆ ಆ ತರಿ ಬಹಳ ಒಳ್ಳೆಯದು. ಏಪ್ರಿಲ್ ಮೇ ತಿಂಗಳಲ್ಲಿ ಬೆವರಿದ ಕೈಯಲ್ಲಿ ನುಣುಪಾದ ಪೆನ್ಸಿಲ್ ನಿಲ್ಲುವುದೇ ಇಲ್ಲ. ರಬ್ಬರ್ ಹಿಡಿ ಇರುವುದನ್ನು ಮಾತ್ರ ಕೊಳ್ಳಬೇಡಿ. ಕರಾವಳಿಯ ಹವೆಗೆ ಅದು ಒಂದೆರಡು ಮಳೆಗಾಲದಲ್ಲಿ ಅಂಟು ಅಂಟಾಗುತ್ತದೆ, ಆಮೇಲೆ ಆ ಅಂಟೆಲ್ಲ ಶೀಟಿಗೆ.

ರೋಟ್ರಿಂಗ್ 600 ಬಗ್ಗೆ ಮಕ್ಕಳು ತುಂಬ ಕೇಳುತ್ತಾರೆ. ಜರ್ಮನಿಯ ಹೆಸರು, ಹಿತ್ತಾಳೆಯ ಆರು ಮೂಲೆಯ ಮೈ, 22 ಗ್ರಾಂ ಆಸುಪಾಸು. ವಾಲಿಸಿದ ಬೋರ್ಡಿನಿಂದ ಉರುಳಿ ಬೀಳುವುದಿಲ್ಲ, ಕೈಯಲ್ಲಿ ಹಿಡಿದರೆ ತೂಕಕ್ಕೇ ಗೆರೆ ಬೀಳುತ್ತದೆ, ಒತ್ತುವ ಕೆಲಸ ಕಡಿಮೆ. ನಿಜವಾಗಿಯೂ ಚೆನ್ನಾಗಿದೆ. ಆದರೆ ಮೊದಲ ವರ್ಷದ ಹುಡುಗನಿಗೆ ಬೇಡ ಅನ್ನುತ್ತೇನೆ, ಕಾರಣ ಬೆಲೆ ಒಂದೇ ಅಲ್ಲ. ಅಷ್ಟು ಭಾರದ್ದು ಮೂಗು ಕೆಳಗಾಗಿ ಸಿಮೆಂಟ್ ನೆಲಕ್ಕೆ ಬಿದ್ದರೆ ಕೊಳವೆ ಬಾಗುತ್ತದೆ, ಬಿಡಿ ತುದಿ ನಮ್ಮ ಊರಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಬಸ್ಸಿನಲ್ಲಿ ದಿನಾ ಮೂಡುಬಿದಿರೆಯಿಂದಲೋ ಕುಂದಾಪುರದಿಂದಲೋ ಓಡಾಡುವ ಮಕ್ಕಳಾದರೆ ಪೆಂಟೆಲ್ ಗ್ರಾಫ್‌ಗೇರ್ 1000 ನೋಡಬಹುದು. ಅದರ ಕ್ಲಿಪ್ ಒತ್ತಿದರೆ ಕೊಳವೆ ಒಳಗೆ ಸರಿಯುತ್ತದೆ. ಜೇಬಿಗೂ ತೂತಿಲ್ಲ, ತುದಿಯೂ ಸುರಕ್ಷಿತ.

ಕುರು ಟೋಗಾ ಎಂಬ ಯೂನಿ ಕಂಪನಿಯ ಪೆನ್ಸಿಲ್ 2008ರಲ್ಲಿ ಬಂತು, ಈಗ ಎಲ್ಲ ಮಕ್ಕಳ ಪೌಚಿನಲ್ಲೂ ಉಂಟು. ಪ್ರತಿ ಸಲ ಲೆಡ್ ಕಾಗದಕ್ಕೆ ತಾಗಿ ಎದ್ದಾಗ ಒಳಗಿನ ಹಲ್ಲುಚಕ್ರ ಲೆಡ್ಡನ್ನು ಚೂರು ತಿರುಗಿಸುತ್ತದೆ, ಹಾಗಾಗಿ ಒಂದೇ ಕಡೆ ಸವೆಯುವುದಿಲ್ಲ. ನೋಟ್ಸ್ ಬರೆಯಲು ಬಹಳ ಚೆನ್ನ. ಆದರೆ ಸ್ಕೇಲಿಗೆ ಹಿಡಿದು ಉದ್ದ ಗೆರೆ ಎಳೆಯುವಾಗ ಪೆನ್ಸಿಲ್ ಎತ್ತುವುದೇ ಇಲ್ಲವಲ್ಲ, ಹಾಗಾದರೆ ಲೆಡ್ ತಿರುಗುವುದು ಯಾವಾಗ? ಅದೂ ಅಲ್ಲದೆ ಆ ಚಕ್ರ ಕೆಲಸ ಮಾಡಬೇಕಾದರೆ ಲೆಡ್ ಸ್ವಲ್ಪ ಮೇಲೆ ಕೆಳಗೆ ಆಡಲೇಬೇಕು. ಬೋರ್ಡಿನ ಕೆಲಸದಲ್ಲಿ ಆ ಆಟ ಕೈಗೆ ಗೊತ್ತಾಗುತ್ತದೆ. ಸ್ಕೇಲಿನ ಗೆರೆಗೆ ನಾನಾದರೆ ಪೆನ್ಸಿಲನ್ನು ಎಳೆಯುವ ದಿಕ್ಕಿಗೆ ಸ್ವಲ್ಪ ವಾಲಿಸಿ, ಎಳೆಯುತ್ತಾ ಎಳೆಯುತ್ತಾ ಬೆರಳಲ್ಲೇ ನಿಧಾನ ತಿರುಗಿಸುತ್ತೇನೆ. ಗೆರೆಯ ದಪ್ಪ ಮೊದಲಿನಿಂದ ಕೊನೆಯವರೆಗೆ ಒಂದೇ ಬರುತ್ತದೆ. ಒಂದು ವಾರ ಅಭ್ಯಾಸ ಮಾಡಿಸಿದರೆ ಯಾವ ಮಕ್ಕಳಿಗೂ ಬರುತ್ತದೆ.

ನನ್ನ ಮುಖ್ಯ ಮಾತು ಇಲ್ಲಿದೆ. ಒಂದು ದುಬಾರಿ ಪೆನ್ಸಿಲ್ ಬದಲು ಎರಡು ಸಾಧಾರಣ ಪೆನ್ಸಿಲ್ ಕೊಡಿಸಿ. ಶಾಲಾ ಕಾಲೇಜುಗಳ ಡ್ರಾಯಿಂಗಿಗೆಂದೇ ಭಾರತೀಯ ಮಾನಕ ಬ್ಯೂರೊ ಮಾಡಿದ ಎಸ್‌ಪಿ 46 ಎಂಬ ಕೈಪಿಡಿ ಉಂಟು. ಅದರ ಪ್ರಕಾರ ಶೀಟಿನಲ್ಲಿ ದಪ್ಪ ಗೆರೆ, ತೆಳು ಗೆರೆ ಬೇರೆ ಬೇರೆ ಕಾಣಬೇಕು, ದಪ್ಪದ್ದು ತೆಳುವಿನ ಎರಡು ಪಟ್ಟಾದರೂ ಇರಬೇಕು. ವಸ್ತುವಿನ ಹೊರ ಅಂಚು ದಪ್ಪ. ಅಳತೆಯ ಗೆರೆ, ಸೆಂಟರ್ ಲೈನ್, ಹ್ಯಾಚಿಂಗ್ (ಕತ್ತರಿಸಿದ ಭಾಗ ತೋರಿಸುವ ಓರೆ ಗೆರೆಗಳು) ತೆಳು. ಒಂದೇ 0.5 ಇಟ್ಟುಕೊಂಡ ಮಕ್ಕಳು ಏನು ಮಾಡುತ್ತಾರೆ ಅಂದರೆ, ದಪ್ಪ ಬೇಕಾದಲ್ಲಿ ಗೆರೆಯ ಮೇಲೆ ಗೆರೆ ಎಳೆದು, ಒತ್ತಿ ಒತ್ತಿ, ಕೊನೆಗೆ ಲೆಡ್ ಮುರಿದು ಶೀಟ್ ಹಾಳು. 0.3 ಒಂದು, 0.7 ಒಂದು ಇದ್ದರೆ ಪೆನ್ಸಿಲ್ ಬದಲಿಸಿದರೆ ಸಾಕು, ಒತ್ತಬೇಕಾಗಿಯೇ ಇಲ್ಲ. 0.3 ಬೇಗ ಮುರಿಯುತ್ತದೆ ಎಂಬ ಹೆದರಿಕೆ ಇದ್ದರೆ ಒಂದು ಕ್ಲಿಕ್‌ಗಿಂತ ಹೆಚ್ಚು ಹೊರಗೆ ಬಿಡಬೇಡಿ. ಅದೂ ಬೇಡವೆಂದರೆ 0.5 ಮತ್ತು 0.9 ಇಟ್ಟುಕೊಳ್ಳಿ, ಪೂರ್ತಿ ಎರಡು ಪಟ್ಟಾಗದಿದ್ದರೂ ಹತ್ತಿರ ಬರುತ್ತದೆ.

ಉಳಿದ ದುಡ್ಡನ್ನು ಲೆಡ್ಡಿಗೆ ಹಾಕಿ. ಪೆಂಟೆಲ್‌ನವರು 1960ರಲ್ಲಿ ಪಾಲಿಮರ್ ಸೇರಿಸಿದ ಲೆಡ್ ತಯಾರಿಸಿದ ಮೇಲೆಯೇ ಇಷ್ಟು ಸಪೂರದ ಲೆಡ್ಡುಗಳು ಗಟ್ಟಿಯಾಗಿ ನಿಲ್ಲುವ ಹಾಗಾಯಿತು. ಪೆಂಟೆಲ್, ಯೂನಿ, ಸ್ಟೆಡ್ಲರ್ ಯಾವುದಾದರೂ ಆದೀತು, ಹೆಸರಿಲ್ಲದ ಡಬ್ಬಿಯದು ಮಾತ್ರ ಬೇಡ. ಅದರಲ್ಲಿ ಮರಳು ಸಿಕ್ಕಿದ ಹಾಗೆ ಕರಕರ ಅನ್ನುತ್ತದೆ, ಕೊಳವೆಯೊಳಗೆ ಮುರಿದು ಕೂತುಕೊಳ್ಳುತ್ತದೆ.

ಗ್ರೇಡ್, ಅಂದರೆ ಲೆಡ್ ಎಷ್ಟು ಗಟ್ಟಿ ಎಂಬ ವಿಷಯದಲ್ಲಿ (2ಎಚ್ ಬಹಳ ಗಟ್ಟಿ, ಎಚ್ ಅದಕ್ಕಿಂತ ಮೆದು, ಎಚ್‌ಬಿ ಇನ್ನೂ ಮೆದು) ನಮ್ಮ ಊರಿನ ಮಳೆಯನ್ನು ಮರೆಯಬಾರದು. ಪುಸ್ತಕದಲ್ಲಿ ತೆಳು ಗೆರೆಗೆ 2ಎಚ್ ಎಂದು ಇರುತ್ತದೆ. ಜನವರಿಯಲ್ಲಿ ಸರಿ. ಜೂನ್ ಜುಲೈಯಲ್ಲಿ ಇಲ್ಲಿ ಡ್ರಾಯಿಂಗ್ ಶೀಟು ತೇವ ಎಳೆದುಕೊಂಡು ಮೆತ್ತಗಾಗಿರುತ್ತದೆ, ಬೆರಳಲ್ಲಿ ಮುಟ್ಟಿದರೇ ಗೊತ್ತಾಗುತ್ತದೆ. ಅಂಥ ಕಾಗದದ ಮೇಲೆ 2ಎಚ್ ಎಳೆದರೆ ಕಪ್ಪು ಬೀಳುವುದಿಲ್ಲ, ಗೀರು ಬೀಳುತ್ತದೆ. ರಬ್ಬರ್ ಹಾಕಿದರೆ ಕಪ್ಪು ಹೋಗುತ್ತದೆ, ಗೀರು ಹೋಗುವುದಿಲ್ಲ, ಅದರ ಮೇಲೆ ಹೊಸ ಗೆರೆ ಎಳೆದರೆ ಲೆಡ್ ಆ ಗೀರಿಗೇ ಇಳಿಯುತ್ತದೆ. ಮಳೆಗಾಲದಲ್ಲಿ ತೆಳು ಗೆರೆಗೆ ಎಚ್, ದಪ್ಪ ಗೆರೆಗೆ ಎಚ್‌ಬಿ ಇಟ್ಟುಕೊಳ್ಳಿ. ಶೀಟನ್ನು ಕೊಳವೆ ಡಬ್ಬಿಯಲ್ಲಿ ಮುಚ್ಚಿಡಿ, ಗೋಡೆಗೆ ಒರಗಿಸಿ ಇಡಬೇಡಿ.

ಸಂಪಾದಕರೇ, ನಿಮ್ಮ ಪತ್ರಿಕೆಯ ಮೂಲಕ ಇಬ್ಬರಲ್ಲಿ ಕೇಳಿಕೊಳ್ಳುವುದಿದೆ. ಮೊದಲನೆಯದು ಹಂಪನಕಟ್ಟೆ, ರಥಬೀದಿ, ಉಡುಪಿ, ಮಣಿಪಾಲದ ಸ್ಟೇಷನರಿ ಅಂಗಡಿಯವರಲ್ಲಿ. ಎಲ್ಲ ಪೆನ್ಸಿಲನ್ನೂ ಪ್ಯಾಕೆಟ್ಟಿನಲ್ಲಿ ಸೀಲ್ ಮಾಡಿ ನೇತು ಹಾಕುವ ಬದಲು ಒಂದೊಂದು ಮಾದರಿಯನ್ನು ಬಿಚ್ಚಿ ಕೌಂಟರಿನಲ್ಲಿ ಇಡಿ. ಪಕ್ಕದಲ್ಲಿ ಒಂದು ಹಳೆ ಸೆಟ್‌ಸ್ಕ್ವೇರ್, ಒಂದಿಷ್ಟು ರದ್ದಿ ಕಾಗದ ಇದ್ದರೆ ಸಾಕು. ಪೆನ್ನು ಕೊಳ್ಳುವವರಿಗೆ ಗೀಚಿ ನೋಡಲು ಕೊಡುತ್ತೀರಲ್ಲ, ಪೆನ್ಸಿಲಿಗೂ ಕೊಡಿ. ಲೆಡ್ಡಿನಲ್ಲಿ ಎಚ್‌ಬಿ, 2ಬಿ ಮಾತ್ರ ತರಿಸದೆ ಎಚ್ ಡಬ್ಬಿಗಳನ್ನೂ ಇಟ್ಟುಕೊಳ್ಳಿ. ಕೇಳಿದ ಮಕ್ಕಳನ್ನು ಬೇರೆ ಅಂಗಡಿ ನೋಡಿ ಎಂದು ಕಳಿಸಿದ್ದನ್ನು ನಾನೇ ಕಂಡಿದ್ದೇನೆ.

ಎರಡನೆಯದು ಡ್ರಾಯಿಂಗ್ ಹೇಳಿಕೊಡುವ ಮಾಸ್ಟ್ರುಗಳಲ್ಲಿ, ಮೇಡಮ್‌ಗಳಲ್ಲಿ. ಪಟ್ಟಿಯಲ್ಲಿ ಆ ಒಂದು ಸಾಲನ್ನು ಬದಲಿಸಿ ದಯವಿಟ್ಟು. 'ಡ್ರಾಯಿಂಗ್ ಪೆನ್ಸಿಲ್ ಎರಡು, 0.3 ಮತ್ತು 0.7, ತುದಿಯಲ್ಲಿ 4 ಮಿಮೀ ಸ್ಟೀಲ್ ಕೊಳವೆ ಇರಬೇಕು, ಲೆಡ್ ಎಚ್ ಮತ್ತು ಎಚ್‌ಬಿ' ಎಂದು ಬರೆದರೆ ಏನೂ ಗೊತ್ತಿಲ್ಲದ ಅಪ್ಪ ಅಮ್ಮನೂ ಸರಿಯಾದದ್ದನ್ನೇ ತರುತ್ತಾರೆ. ಬ್ರ್ಯಾಂಡ್ ಹೆಸರು ಹಾಕಬೇಕಿಲ್ಲ. ಪಟ್ಟಿಯನ್ನು ಕ್ಲಾಸು ಶುರುವಾದ ದಿನ ಕೊಡದೆ ಅಡ್ಮಿಶನ್ ಆದಾಗಲೇ ಕೊಟ್ಟರೆ ಇನ್ನೂ ಒಳ್ಳೆಯದು, ಬೆಳ್ತಂಗಡಿ ಸುಳ್ಯದ ಕಡೆಯ ಮಕ್ಕಳಿಗೆ ಮಂಗಳೂರಿಗೆ ಬಂದು ನೋಡಿ ಕೊಳ್ಳಲು ಸಮಯ ಸಿಗುತ್ತದೆ.

— ನಿವೃತ್ತ ಡ್ರಾಫ್ಟ್ಸ್‌ಮನ್, ಕದ್ರಿ, ಮಂಗಳೂರು