ಬಾಸ್ ರಾಡ್ ಕೊಳ್ಳುವ ಮೊದಲು ‘ಯಾವ ಕೆಲಸಕ್ಕೆ?’ ಅಂತ ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಸಿದ್ದಾಪುರದಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ ಇದೆ. ತೋಟದ ಪಂಪ್‌ಸೆಟ್, ಸ್ಪ್ರಿಂಕ್ಲರ್, ಕಳೆ ಕೊಚ್ಚುವ ಮೆಷಿನ್ ಇವೇ ಹೊಟ್ಟೆಪಾಡು. ಜೊತೆಗೆ ಗಾಳದ ರಾಡು, ದಾರ ಸುತ್ತುವ ರೀಲುಗಳನ್ನೂ ರಿಪೇರಿ ಮಾಡುತ್ತೇನೆ. ಅದು ದುಡ್ಡಿಗಿಂತ ಪ್ರೀತಿಗೆ ಮಾಡುವ ಕೆಲಸ. ಮಳೆ ನಿಂತು ಕಾವೇರಿ ತಿಳಿಯಾಗುತ್ತಿದ್ದಂತೆ ಮುರಿದ ರಾಡುಗಳು ಅಂಗಡಿಗೆ ಬರಲು ಶುರುವಾಗುತ್ತವೆ. ಈಚೆಗೆ ಬರುವವುಗಳಲ್ಲಿ ಜಾಸ್ತಿ, ಬಾಸ್ ಅನ್ನುವ ಮೀನಿಗೆ ಮಾಡಿದ ‘ಬಾಸ್ ರಾಡ್’ ಅಂತ ಆನ್‌ಲೈನ್‌ನಲ್ಲಿ ಮಾರುವಂಥವು. ಒಂದೇ ರಾಡು ಎಲ್ಲ ಮೀನಿಗೂ, ಎಲ್ಲ ನೀರಿಗೂ ಆಗುತ್ತದೆ ಅಂತ ನಂಬಿ ಹುಡುಗರು ಕೊಂಡಿರುತ್ತಾರೆ. ಅಂಥ ರಾಡು ಇಲ್ಲ. ಬಾಸ್ ಹಿಡಿಯುವವರ ನಾಡಿನಲ್ಲೂ ಇಲ್ಲ. ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಕಡಿಮೆ. ಅದಕ್ಕೇ ಈ ಪತ್ರ.

ಬಾಸ್ ಅನ್ನುವುದು ಉತ್ತರ ಅಮೆರಿಕದ ಸಿಹಿನೀರಿನ ಮೀನು. ಲಾರ್ಜ್‌ಮೌತ್ ಅಂತ ಕರೆಯುವ ದೊಡ್ಡ ಬಾಯಿಯ ಬಾಸ್ ಅದರಲ್ಲಿ ಹೆಸರುವಾಸಿ. ಕಳೆಯ ಅಡಿಯಲ್ಲಿ, ನೀರಿಗೆ ಬಿದ್ದ ಮರದ ನೆರಳಲ್ಲಿ ಹೊಂಚು ಹಾಕಿ ನಿಲ್ಲುತ್ತದೆ. ಬೇಟೆ ಹತ್ತಿರ ಬಂದರೆ ಒಮ್ಮೆಲೇ ಎರಗುತ್ತದೆ. ಈ ಒಂದು ಮೀನನ್ನು ಅಲ್ಲಿಯವರು ಹತ್ತಾರು ಬಗೆಯಲ್ಲಿ ಹಿಡಿಯುತ್ತಾರೆ. ಬಗೆ ಬದಲಾದರೆ ರಾಡೂ ಬದಲಾಗುತ್ತದೆ. ಅವರ ದೋಣಿಯಲ್ಲಿ ಐದಾರು ರಾಡು ಸಾಲಾಗಿ ಇರುವುದನ್ನು ವಿಡಿಯೊದಲ್ಲಿ ನೋಡಿದವರು ಶೋಕಿ ಅಂದುಕೊಳ್ಳುತ್ತಾರೆ. ಶೋಕಿ ಅಲ್ಲ, ಪ್ರತಿಯೊಂದಕ್ಕೂ ಬೇರೆ ಕೆಲಸ ಇದೆ.

ರಾಡಿನ ಹಿಡಿಯಿಂದ ಸ್ವಲ್ಪ ಮೇಲೆ ಸಣ್ಣ ಅಕ್ಷರದಲ್ಲಿ ಒಂದಿಷ್ಟು ಬರೆದಿರುತ್ತದೆ. ಉದ್ದ, ಪವರ್, ಆ್ಯಕ್ಷನ್, ಎಷ್ಟು ತೂಕದ ಲೂರ್ (ಮೀನನ್ನು ಸೆಳೆಯುವ ನಕಲಿ ಆಹಾರ), ಎಷ್ಟು ಪೌಂಡ್ ಭಾರ ತಡೆಯುವ ದಾರ. ಬಣ್ಣ ನೋಡುವ ಮೊದಲು ಇದನ್ನು ಓದಬೇಕು. ಪವರ್ ಅಂದರೆ ಕೋಲನ್ನು ಬಗ್ಗಿಸಲು ಎಷ್ಟು ಭಾರ ಬೇಕು ಅನ್ನುವುದು. ಅಲ್ಟ್ರಾ ಲೈಟ್‌ನಿಂದ ಹೆವಿವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆ್ಯಕ್ಷನ್ ಅಂದರೆ ಕೋಲು ಎಲ್ಲಿ ಬಗ್ಗುತ್ತದೆ ಅನ್ನುವುದು. ಫಾಸ್ಟ್ ಆದರೆ ತುದಿಯ ಹತ್ತಿರ ಮಾತ್ರ ಬಗ್ಗುತ್ತದೆ. ಮಾಡರೇಟ್ ಆದರೆ ನಡುವಿನವರೆಗೆ ಬಳುಕುತ್ತದೆ. ಫಾಸ್ಟ್ ಅಂದರೆ ಬೇಗ ಎಳೆಯಬಹುದು ಅಂತ ತಿಳಿದವರು ಬಹಳ ಜನ ಇದ್ದಾರೆ. ಎಳೆಯುವ ವೇಗಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇನ್ನೊಂದು ಮಾತು. ಈ ಪವರ್‌ಗೆ ಎಲ್ಲ ಕಂಪನಿಗೂ ಒಂದೇ ಅಳತೆ ಅಂತ ಇಲ್ಲ. ಒಬ್ಬರ ಮೀಡಿಯಂ ಇನ್ನೊಬ್ಬರ ಮೀಡಿಯಂ ಹೆವಿ ಆಗಿರಬಹುದು. ಹಾಗಾಗಿ ನಾನು ಲೂರ್‌ನ ತೂಕವನ್ನೇ ಜಾಸ್ತಿ ನಂಬುತ್ತೇನೆ. ಒಂದು ಔನ್ಸ್ ಅಂದರೆ ಸುಮಾರು 28 ಗ್ರಾಂ. ಕಾಲು ಔನ್ಸ್‌ನಿಂದ ಮುಕ್ಕಾಲು ಔನ್ಸ್ ಅಂತ ಬರೆದಿದ್ದರೆ 7 ಗ್ರಾಂನಿಂದ 21 ಗ್ರಾಂವರೆಗಿನ ಲೂರ್‌ಗೆ ಅದು ಸರಿ. ಅದರಲ್ಲಿ 60 ಗ್ರಾಂ ಕಟ್ಟಿ ಬೀಸಿದರೆ ಕೋಲು ತಡೆಯುವುದಿಲ್ಲ.

ನಮ್ಮ ಹೊಳೆಯಲ್ಲಿ ಬಾಸ್ ಇಲ್ಲ. ಆದರೆ ಬಾಸ್ ಹಾಗೆಯೇ ಹೊಂಚು ಹಾಕುವ ಮೀನು ನಮ್ಮಲ್ಲಿ ಇದೆ. ಕುಚ್ಚು ಮೀನು, ಅದೇ ಮುರೆಲ್. ಕೊಡಗಿನ ತೋಟಗಳಲ್ಲಿ ಕಾಫಿಗೆ ನೀರು ಹಾಯಿಸಲು ಕೆರೆ ಇರುತ್ತದೆ ಅಲ್ವಾ, ಅಂಥ ಕೆರೆಯ ಕಳೆಯ ನಡುವೆ ಇದು ಚೆನ್ನಾಗಿ ಬೆಳೆಯುತ್ತದೆ. ಆಗಾಗ ಮೇಲೆ ಬಂದು ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತದೆ. ಅಲ್ಲೊಂದು ಗುಳ್ಳೆ ಎದ್ದರೆ ಮೀನು ಎಲ್ಲಿದೆ ಅಂತ ತಿಳಿಯುತ್ತದೆ. ಬಾಸ್ ಹಿಡಿಯುವವರು ಬಳಸುವ ರಬ್ಬರ್ ಕಪ್ಪೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕಪ್ಪೆಯ ಬೆನ್ನಿಗೆ ಎರಡು ಕೊಕ್ಕೆ ಒತ್ತಿಕೊಂಡಿರುತ್ತವೆ. ಹಾಗಾಗಿ ಅಂತರಗಂಗೆಯ ಮೇಲೆ ಎಳೆದರೂ ಕಳೆ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ಮೆತ್ತನೆಯ ಮೈ ಅದುಮಿ ಕೊಕ್ಕೆ ಹೊರಗೆ ಬರುತ್ತದೆ.

ಇದಕ್ಕೆ ಬೇಕಾದದ್ದು 7 ಅಡಿ ಅಥವಾ ಇನ್ನೂ ಮೂರ್ನಾಲ್ಕು ಇಂಚು ಉದ್ದದ, ಹೆವಿ ಪವರ್‌ನ, ಫಾಸ್ಟ್ ಆ್ಯಕ್ಷನ್ ರಾಡು. ಕಾರಣ ಸರಳ. ಮೀನು ಕಪ್ಪೆ ನುಂಗಿದ ಕೂಡಲೇ ತಲೆ ಕೆಳಗೆ ಮಾಡಿ ಕಳೆಯ ಬೇರಿಗೆ ನುಗ್ಗುತ್ತದೆ. ಆಗ ಮೀನಿನ ಜೊತೆ ಕಳೆಯ ಭಾರವನ್ನೂ ಎತ್ತಬೇಕು. ಬಳುಕುವ ರಾಡು ಅಲ್ಲೇ ಸೋಲುತ್ತದೆ. ದಾರ ಹೆಣೆದದ್ದೇ ಇರಬೇಕು, 50 ಪೌಂಡ್‌ಗೆ ಕಡಿಮೆ ಬೇಡ. ತಂಗೂಸಿ, ಅಂದರೆ ಒಂಟಿ ಎಳೆಯ ನೈಲಾನ್ ದಾರ, ರಬ್ಬರಿನಂತೆ ಹಿಗ್ಗುತ್ತದೆ, ದೂರದಿಂದ ಎಳೆದ ಜೋರು ಕೊಕ್ಕೆಗೆ ಮುಟ್ಟುವುದೇ ಇಲ್ಲ. ನೀರು ಸಿಡಿದ ತಕ್ಷಣ ಎಳೆಯಬೇಡಿ. ದಾರದಲ್ಲಿ ಮೀನಿನ ಭಾರ ಗೊತ್ತಾದ ಮೇಲೆ ಜೋರಾಗಿ ಎಳೆಯಿರಿ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ನೀರು ಹೊಡೆದು ಕೆರೆ ಇಳಿದಾಗ ಈ ಗಾಳ ಚೆನ್ನಾಗಿ ನಡೆಯುತ್ತದೆ. ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಓಡಾಡುವುದು ಕಂಡರೆ ಮಾತ್ರ ದಯವಿಟ್ಟು ಗಾಳ ಸುತ್ತಿಟ್ಟು ಮನೆಗೆ ಹೋಗಿ. ತಾಯಿ ತಂದೆ ಮೀನು ಅಲ್ಲೇ ಕೆಳಗೆ ಕಾವಲು ನಿಂತಿರುತ್ತವೆ. ಏನು ಹಾಕಿದರೂ ಸಿಟ್ಟಿಗೆ ಕಚ್ಚುತ್ತವೆ. ಅವು ಹೋದರೆ ಮರಿಗಳನ್ನು ಉಳಿದ ಮೀನುಗಳು ಮುಗಿಸುತ್ತವೆ.

ಇನ್ನು ಕ್ರ್ಯಾಂಕ್‌ಬೇಟ್. ಮೂತಿಗೆ ಚಮಚದಂಥ ಪ್ಲಾಸ್ಟಿಕ್ ಇರುವ, ಎಳೆದರೆ ಅಲುಗಾಡುತ್ತ ಮುಳುಗುವ ನಕಲಿ ಮೀನು. ಇದಕ್ಕೆ ಕಪ್ಪೆಯ ರಾಡು ಬಳಸಿದರೆ ಕೆಲಸ ಕೆಡುತ್ತದೆ. ಇದರಲ್ಲಿ ಇರುವುದು ಮೂರು ಮೊನೆಯ ಸಣ್ಣ ಕೊಕ್ಕೆಗಳು. ಅವು ಬಾಯಿಯ ಅಂಚಿನಲ್ಲಿ ತೆಳುವಾಗಿ ಚುಚ್ಚಿಕೊಳ್ಳುತ್ತವೆ. ಗಡಸು ರಾಡಿನಲ್ಲಿ ಜೋರಾಗಿ ಎಳೆದರೆ ಬಾಯಿ ಹರಿದು ಕೊಕ್ಕೆ ಕಿತ್ತು ಬರುತ್ತದೆ. ಅದಕ್ಕೇ ಬಾಸ್ ಹಿಡಿಯುವವರು ಇದಕ್ಕೆ ಮೀಡಿಯಂ ಪವರ್, ಮಾಡರೇಟ್ ಆ್ಯಕ್ಷನ್ ಆರಿಸುತ್ತಾರೆ. ಹಲವರು ಈಗಲೂ ಫೈಬರ್‌ಗ್ಲಾಸ್ ಕೋಲನ್ನೇ ಇಷ್ಟಪಡುತ್ತಾರೆ. ಕಾರ್ಬನ್ ಕೋಲು ಹಗುರ, ನೀರಿನಡಿಯ ಸಣ್ಣ ತಟ್ಟುವಿಕೆಯೂ ಕೈಗೆ ತಿಳಿಯುತ್ತದೆ. ಗ್ಲಾಸ್ ತೂಕ ಜಾಸ್ತಿ, ಆದರೆ ನಿಧಾನಕ್ಕೆ ಬಗ್ಗಿ ಮೀನಿನ ಎಳೆತವನ್ನು ತಾನೇ ನುಂಗಿಕೊಳ್ಳುತ್ತದೆ. ಗ್ಲಾಸ್ ಅಂದರೆ ಹಳೇ ಕಾಲದ್ದು, ಅಗ್ಗದ್ದು ಅಂತ ಮೂಗು ಮುರಿಯುವವರು ಈ ಒಂದು ಕೆಲಸಕ್ಕಾದರೂ ಅದನ್ನು ಕೈಯಲ್ಲಿ ಹಿಡಿದು ನೋಡಬೇಕು.

ಜಿಗ್ ಮತ್ತು ಟೆಕ್ಸಾಸ್ ರಿಗ್ ಬೇರೆಯದೇ ಲೆಕ್ಕ. ಜಿಗ್ ಅಂದರೆ ಕೊಕ್ಕೆಯ ತಲೆಗೇ ಸೀಸ ಅಂಟಿಕೊಂಡಿರುವ ಲೂರ್. ಟೆಕ್ಸಾಸ್ ರಿಗ್‌ನಲ್ಲಿ ಪ್ಲಾಸ್ಟಿಕ್ ಹುಳುವಿನ ಮೈಯೊಳಗೆ ಕೊಕ್ಕೆಯ ಮೊನೆ ಅಡಗಿರುತ್ತದೆ. ಮುಂದೆ ಬಂದೂಕಿನ ಗುಂಡಿನಾಕಾರದ ಸೀಸ ಇರುತ್ತದೆ. ಮೀನು ಕಚ್ಚಿದಾಗ ಮೊನೆ ಮೊದಲು ಪ್ಲಾಸ್ಟಿಕ್ ದಾಟಿ ಆಮೇಲೆ ಬಾಯಿಗೆ ಇಳಿಯಬೇಕು. 7 ಅಡಿಯ ಮೀಡಿಯಂ ಹೆವಿ, ಫಾಸ್ಟ್ ರಾಡು ಇದಕ್ಕೆ ಸರಿ. ಒಂದೇ ರಾಡು ಕೊಳ್ಳಲು ಮಾತ್ರ ದುಡ್ಡಿದೆ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಇದು ಹತ್ತು ಕೆಲಸ ಮಾಡುತ್ತದೆ ಅಂತಲ್ಲ, ಉಳಿದವಕ್ಕಿಂತ ಕಡಿಮೆ ಕೆಡಿಸುತ್ತದೆ. ಡ್ರಾಪ್ ಶಾಟ್ ಅನ್ನುವ ನಾಜೂಕು ಗಾಳಕ್ಕೆ, ಅಂದರೆ ಸೀಸ ಕೆಳಗೆ, ಕೊಕ್ಕೆ ಅದರ ಮೇಲೆ ಇರುವಂಥದಕ್ಕೆ, ಮೀಡಿಯಂ ಲೈಟ್ ಸ್ಪಿನ್ನಿಂಗ್ ರಾಡು, 6ರಿಂದ 8 ಪೌಂಡ್ ದಾರ ಸಾಕು. ನೀರಿನ ಮೇಲೆ ಆಡಿಸುವ ಪಾಪರ್‌ಗೆ ಆರೂವರೆ ಅಡಿಯ ಆಸುಪಾಸು ಒಳ್ಳೆಯದು. ತುದಿಯನ್ನು ಕೆಳಗೆ ತಗ್ಗಿಸಿ ಜಗ್ಗುವಾಗ ಉದ್ದದ ರಾಡು ನೀರಿಗೆ ಬಡಿಯುತ್ತದೆ. ಸ್ಪಿನ್ನಿಂಗ್ ರೀಲ್ ಕೋಲಿನ ಕೆಳಗೆ ತೂಗುತ್ತದೆ, ಬೇಟ್‌ಕಾಸ್ಟಿಂಗ್ ರೀಲ್ ಮೇಲೆ ಕೂರುತ್ತದೆ. ಎರಡರ ರಾಡೂ ಬೇರೆ, ದಾರ ಹಾಯುವ ರಿಂಗ್‌ಗಳ ಅಳತೆಯೂ ಬೇರೆ. ಒಂದನ್ನು ಇನ್ನೊಂದಕ್ಕೆ ಬಿಗಿದು ತರುವವರನ್ನು ನೋಡಿದಾಗ ನಿಜಕ್ಕೂ ಬೇಸರವಾಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಈ ಬಾಸ್ ರಾಡುಗಳನ್ನು ಹಿಡಿದು ಜನ ನಮ್ಮ ಹೊಳೆಯ ದೊಡ್ಡ ಮೀನಾದ ಮಹಶೀರ್ ಹಿಡಿಯಲು ಹೋಗುತ್ತಿದ್ದಾರೆ. ದಾಖಲೆಯ ಲಾರ್ಜ್‌ಮೌತ್ ಬಾಸ್ ಎರಡು. 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಒಂದು, 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಇನ್ನೊಂದು. ಎರಡೂ 22 ಪೌಂಡ್ ಚಿಲ್ಲರೆ, ಅಂದರೆ ಸುಮಾರು 10 ಕೆಜಿ. ಸಾಮಾನ್ಯವಾಗಿ ಸಿಗುವುದು ಇದಕ್ಕಿಂತ ಎಷ್ಟೋ ಸಣ್ಣದು. 1946ರಲ್ಲಿ ಕಬಿನಿಯಲ್ಲಿ ಸಿಕ್ಕ ಮಹಶೀರ್ 120 ಪೌಂಡ್ ಇತ್ತು, 54 ಕೆಜಿ. ಬಾಸ್ ನಿಂತ ನೀರನ್ನು ಇಷ್ಟಪಡುತ್ತದೆ. ಮಹಶೀರ್ ಬಂಡೆಗಳ ನಡುವಿನ ಸೆಳೆತದಲ್ಲಿ ಬದುಕುತ್ತದೆ. ಕಚ್ಚಿದರೆ ಹರಿವಿನ ಜೊತೆ ಒಂದೇ ಓಟ. ಕಾಫಿ ಗಿಡದ ಕಂಬಚಿಗುರು ತೆಗೆಯುವ ಕತ್ತರಿಯಲ್ಲಿ ಸಿಲ್ವರ್ ಓಕ್ ಮರ ಕಡಿಯಲು ಹೋದಂತೆ ಇದು.

ರಾಡು ಮುರಿದರೆ ಮುರಿಯಲಿ, ನನಗೆ ಕೆಲಸ ಸಿಗುತ್ತದೆ. ನನ್ನ ಸಂಕಟ ಮೀನಿನದು. ಸಣ್ಣ ರಾಡಿನಲ್ಲಿ ದೊಡ್ಡ ಮೀನನ್ನು ಬೇಗ ದಡಕ್ಕೆ ತರಲು ಆಗುವುದಿಲ್ಲ. ಎಳೆದಾಟ ಉದ್ದವಾದಷ್ಟೂ ಮೀನು ಸುಸ್ತಾಗುತ್ತದೆ. ನೀರು ಬೆಚ್ಚಗಿರುವ ಬೇಸಿಗೆಯಲ್ಲಂತೂ ಉಸಿರಿಗೇ ಕಷ್ಟ. ಆಮೇಲೆ ಫೋಟೊ ತೆಗೆದು ಬಿಟ್ಟರೂ ಅದು ಕೆಳಗೆ ಹೋಗಿ ಸಾಯಬಹುದು. ಕಾವೇರಿಯ ಕಿತ್ತಳೆ ರೆಕ್ಕೆಯ ದೊಡ್ಡ ಮಹಶೀರ್, ಬೆನ್ನು ಉಬ್ಬಿದ್ದು, ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. 2018ರಿಂದ ಅದು ಜಗತ್ತಿನ ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಯಲ್ಲಿ, ತೀರಾ ಗಂಭೀರ ಸ್ಥಿತಿಯ ಸಾಲಿನಲ್ಲಿದೆ. ವಾಲ್ನೂರು ಭಾಗದಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಹೊಳೆ ಕಾದು, ಹಿಡಿದು ಬಿಡುವ ಗಾಳಕ್ಕೆ ಮಾತ್ರ ಅವಕಾಶ ಕೊಡುತ್ತ ಬಂದದ್ದು ಸುಮ್ನೆ ಅಲ್ಲ. ಹಾರಂಗಿಯಲ್ಲಿ ಸರ್ಕಾರ ಮಹಶೀರ್ ಮರಿ ಮಾಡುವ ಕೇಂದ್ರ ನಡೆಸುತ್ತಿರುವುದೂ ಸುಮ್ನೆ ಅಲ್ಲ. ಅಷ್ಟು ಕಷ್ಟಪಟ್ಟು ಉಳಿಸಿದ ಮೀನನ್ನು ತಪ್ಪು ರಾಡಿನಿಂದ ಕೊಲ್ಲುವುದು ನನಗೆ ಸಹಿಸಲು ಆಗುವುದಿಲ್ಲ.

ಮಹಶೀರ್‌ಗೆ ಹೋಗುವವರು ಮೊದಲು ಅನುಮತಿ ತೆಗೆದುಕೊಳ್ಳಿ. ವನ್ಯಜೀವಿ ಧಾಮ, ರಾಷ್ಟ್ರೀಯ ಉದ್ಯಾನದೊಳಗೆ ಗಾಳ ಹಾಕುವಂತೆಯೇ ಇಲ್ಲ. ಅನುಮತಿ ಇರುವ ಕಡೆ ಉದ್ದದ, ಬುಡ ಗಟ್ಟಿ ಇರುವ ಹೆವಿ ರಾಡು ಒಯ್ಯಿರಿ. ರಾಗಿ ಮುದ್ದೆಯ ಗಾಳವಾಗಲಿ, ಸ್ಪೂನ್ ಅನ್ನುವ ತಗಡಿನ ಲೂರ್ ಆಗಲಿ, ಒಂಟಿ ಕೊಕ್ಕೆ ಹಾಕಿ. ಕೊಕ್ಕೆಯ ಹಿಂಬದಿಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಲಗಿಸಿ. ರೀಲಿನ ಬಿಗಿತ ದಾರದ ತಾಕತ್ತಿನ ಕಾಲು ಭಾಗದ ಆಸುಪಾಸು ಇರಲಿ. ಮೀನು ಕಾಲಬುಡಕ್ಕೆ ಬಂದಾಗ ರಾಡನ್ನು ನೆಟ್ಟಗೆ ಮಾಡಿ ತಲೆಯ ಹಿಂದಕ್ಕೆ ಎತ್ತಬೇಡಿ. ಆಗ ಭಾರವೆಲ್ಲ ತುದಿಗೆ ಬೀಳುತ್ತದೆ. ನನ್ನ ಅಂಗಡಿಗೆ ಬರುವ ಬಹಳಷ್ಟು ರಾಡುಗಳು ಮುರಿಯುವುದೇ ಹೀಗೆ. ಮೀನನ್ನು ಒದ್ದೆ ಕೈಯಲ್ಲಿ ನೀರಿನೊಳಗೇ ಹಿಡಿದು ಕೊಕ್ಕೆ ಬಿಡಿಸಿ.

ಇನ್ನೂ ಒಂದು ಭಯ ಇದೆ. ವಿಡಿಯೊ ನೋಡಿ ‘ನಮ್ಮ ಕೆರೆಗೂ ಬಾಸ್ ಮರಿ ತಂದು ಬಿಟ್ಟರೆ ಹೇಗೆ’ ಅಂತ ಕೇಳಿದವರಿದ್ದಾರೆ. ದಯವಿಟ್ಟು ಆ ಯೋಚನೆಯೇ ಬೇಡ. ಜಪಾನಿನಲ್ಲಿ 1925ರಲ್ಲಿ ಆಶಿ ಸರೋವರಕ್ಕೆ ಬಾಸ್ ತಂದು ಬಿಟ್ಟರು. ಅದು ದೇಶದ ತುಂಬ ಹರಡಿ ಅಲ್ಲಿನ ಸಣ್ಣ ಮೀನುಗಳನ್ನು ತಿಂದುಹಾಕಿತು. 2005ರಲ್ಲಿ ಅದನ್ನು ಸಾಕುವುದು, ಸಾಗಿಸುವುದು, ನೀರಿಗೆ ಬಿಡುವುದನ್ನೇ ಕಾನೂನಿನಿಂದ ತಡೆಯಬೇಕಾಯಿತು. ನಮ್ಮ ತೋಟದ ಕೆರೆ ಮಳೆಗಾಲದಲ್ಲಿ ಕೋಡಿ ಬೀಳುತ್ತದೆ. ಆ ನೀರು ತೋಡಿಗೆ, ತೋಡು ಕಾವೇರಿಗೆ. ಒಬ್ಬರ ಕೆರೆಗೆ ಬಿಟ್ಟದ್ದು ಒಬ್ಬರ ಕೆರೆಯಲ್ಲೇ ಉಳಿಯುವುದಿಲ್ಲ.

ನನ್ನ ಬೇಡಿಕೆ ಎರಡು. ರಾಡು ಮಾರುವ ಅಂಗಡಿಯವರು ‘ಎಷ್ಟು ಬಜೆಟ್’ ಅಂತ ಕೇಳುವ ಮೊದಲು ‘ಯಾವ ಮೀನು, ಯಾವ ನೀರು, ಯಾವ ಲೂರ್’ ಅಂತ ಕೇಳಲಿ. ರೀಲ್ ಕಟ್ಟಿ, ರಿಂಗ್‌ಗಳಿಗೆ ದಾರ ಪೋಣಿಸಿ, ಅದರ ತುದಿಗೆ ನೀರು ತುಂಬಿದ ಅರ್ಧ ಲೀಟರ್ ಬಾಟಲಿ ಕಟ್ಟಿ ಮೆಲ್ಲಗೆ ಎತ್ತಿ ತೋರಿಸಲಿ. ಕೋಲು ಎಲ್ಲಿ ಬಗ್ಗುತ್ತದೆ ಅಂತ ಕೊಳ್ಳುವವರ ಕಣ್ಣಿಗೇ ಕಾಣುತ್ತದೆ. ನಾಜೂಕು ರಾಡಿಗೆ ಇಷ್ಟು ಭಾರ ಬೇಡ, ಸಣ್ಣ ಸೀಸ ಸಾಕು. ಪ್ರತಿ ರಿಂಗ್‌ನೊಳಗೆ ಸ್ವಲ್ಪ ಹತ್ತಿ ಆಡಿಸಿ ನೋಡಲಿ. ಎಳೆ ಸಿಕ್ಕಿಕೊಂಡರೆ ಒಳಗೆ ಬಿರುಕಿದೆ ಅಂತ ಅರ್ಥ, ಅಂಥ ರಾಡು ದಾರವನ್ನು ಕುಯ್ಯುತ್ತದೆ.

ಎರಡನೆಯದು ಮೀನುಗಾರಿಕೆ ಇಲಾಖೆಗೆ. ಹಾರಂಗಿಯಲ್ಲಿ ವರ್ಷಕ್ಕೊಂದು ದಿನ, ಕಾಫಿ ಕೊಯ್ಲು ಮುಗಿದ ಮೇಲೆ, ಗಾಳ ಹಾಕುವ ಹುಡುಗರನ್ನು ಕರೆದು ಕೂರಿಸಲಿ. ಮಹಶೀರ್ ಮರಿಗಳನ್ನು ತೋರಿಸಲಿ. ಯಾವ ಮೀನಿಗೆ ಯಾವ ಕೋಲು, ಹೇಗೆ ಬಿಡಿಸಬೇಕು ಅಂತ ಕೈಯಲ್ಲಿ ಕೊಟ್ಟು ಕಲಿಸಲಿ. ಕರೆದರೆ ನನ್ನ ಹತ್ತಿರ ಇರುವ ಮುರಿದ ರಾಡುಗಳನ್ನೆಲ್ಲ ಜೀಪಿಗೆ ಹಾಕಿಕೊಂಡು ಬರುತ್ತೇನೆ. ಪ್ರತಿಯೊಂದೂ ಯಾಕೆ ಮುರಿಯಿತು ಅಂತ ತೋರಿಸಿ ಹೇಳಬಲ್ಲೆ.

ಇಂತಿ,
ರಾಡು ರಿಪೇರಿ ಮಾಡುವ ನಿಮ್ಮ ಓದುಗ
ಸಿದ್ದಾಪುರ, ಕೊಡಗು