ಗೆದ್ದಲು ಬೇಟೆಯ ಇರುವೆಗೆ ಹೆಸರು ಹೇಳುವ ಮೊದಲು

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಆಗುಂಬೆಯ ಮಳೆಕಾಡಿನ ಒಂದು ಫೋಟೊ ಹಾಕಿದ್ದೀರಿ. ಒದ್ದೆ ತರಗೆಲೆಯ ಮೇಲೆ ಕಪ್ಪು ಇರುವೆಗಳ ಸಾಲು, ಒಂದೊಂದರ ಬಾಯಲ್ಲೂ ಒಂದೊಂದು ಗೆದ್ದಲು. ಫೋಟೊ ಬಹಳ ಚೆನ್ನಾಗಿದೆ. ತೆಗೆದವರು ಜಿಗಣೆಗೂ ಹೆದರದೆ ನೆಲಕ್ಕೆ ಮಲಗಿಯೇ ತೆಗೆದಿರಬೇಕು. ಆದರೆ ಅದರ ಕೆಳಗೆ ‘ಗೆದ್ದಲ ಹಂತಕ ಮಟಬೆಲೆ ಇರುವೆ’ ಎಂದು ಅಚ್ಚಾಗಿದೆ. ಅದು ಮಟಬೆಲೆ ಇರುವೆ ಅಲ್ಲ. ದಯವಿಟ್ಟು ತಿದ್ದುಪಡಿ ಹಾಕಿ.

ನಾನು ದಾವಣಗೆರೆಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದು ನಿವೃತ್ತಿಯಾದವಳು. ಹುಡುಗರು ಹಿಡಿದು ತಂದ ಹುಳಗಳನ್ನು ಒಣಗಿಸಿ, ಪಿನ್ ಚುಚ್ಚಿ, ಚೀಟಿ ಬರೆದು ಪೆಟ್ಟಿಗೆಯಲ್ಲಿ ಜೋಡಿಸುವುದು ನನ್ನ ಕೆಲಸವಾಗಿತ್ತು. ಇರುವೆ ವಿಷಯ ಬಂದರೆ ಸುಮ್ನೆ ಇರಲು ನನ್ನಿಂದ ಆಗುವುದಿಲ್ಲ.

ಮಟಬೆಲೆ ಇರುವೆಯ ವೈಜ್ಞಾನಿಕ ಹೆಸರು ಮೆಗಾಪೊನೆರಾ ಅನಾಲಿಸ್. ಅದು ಇರುವುದು ಆಫ್ರಿಕಾದಲ್ಲಿ, ಸಹಾರಾ ಮರಳುಗಾಡಿನ ದಕ್ಷಿಣಕ್ಕೆ. ಒಂದೇ ಗೂಡಿನಲ್ಲಿ ಚಿಕ್ಕವು, ಬಹಳ ದೊಡ್ಡವು ಎರಡೂ ಇರುತ್ತವೆ. ಗೆದ್ದಲಿನ ಮೇಲಿನ ದಾಳಿಯಲ್ಲಿ ಗಾಯಗೊಂಡ ಇರುವೆಗಳನ್ನು ಜೊತೆಯವು ಗೂಡಿಗೆ ಹೊತ್ತು ತರುತ್ತವೆ ಎಂದು 2017ರಲ್ಲಿ ಸಂಶೋಧಕರು ತೋರಿಸಿದರು. ಆ ವಿಡಿಯೊ ವಾಟ್ಸ್ಆ್ಯಪ್‌ನಲ್ಲಿ ಬಹಳ ಓಡಾಡಿತು. ಆವತ್ತಿನಿಂದ ನಮ್ಮ ಕಡೆ ಯಾವ ಇರುವೆ ಗೆದ್ದಲು ಹೊತ್ತರೂ ಅದಕ್ಕೆ ಇದೇ ಹೆಸರು.

ದಕ್ಷಿಣ ಅಮೆರಿಕದ ಮಳೆಕಾಡಿನಲ್ಲಿ ನಿಯೋಪೊನೆರಾ ಕಮ್ಯುಟಾಟ ಎಂಬ ಇನ್ನೊಂದು ಇರುವೆ ಇದೆ. ಕಪ್ಪಗೆ, ದೊಡ್ಡದಾಗಿರುತ್ತದೆ. ಅದೂ ಗೆದ್ದಲ ಬೇಟೆಗಾರನೇ. ಸಿಂಟೆರ್ಮಿಸ್ ಎಂಬ ದೊಡ್ಡ ಗೆದ್ದಲಿನ ಬೆನ್ನು ಹತ್ತುತ್ತದೆ. ಅಂದರೆ ನಿಮ್ಮ ಫೋಟೊದಲ್ಲಿರುವುದೂ ಸೇರಿ ಮೂರು ಖಂಡಗಳಲ್ಲಿ ಮೂರು ಬೇರೆ ಬೇರೆ ಇರುವೆಗಳು ಇದೇ ಕಸುಬು ಹಿಡಿದಿವೆ. ಏನು ಮಾಡುತ್ತಿದೆ ಅನ್ನುವುದನ್ನು ನೋಡಿ ಅದು ಯಾವುದು ಅಂತ ಹೇಳಲು ಆಗುವುದಿಲ್ಲ. ಮೈ ನೋಡಬೇಕು.

ನಿಮ್ಮ ಫೋಟೊದಲ್ಲಿ ಮೈ ಚೆನ್ನಾಗಿಯೇ ಕಾಣುತ್ತದೆ. ಉದ್ದನೆಯ ತೆಳು ದೇಹ. ನಡುವಿನಲ್ಲಿ ಒಂದೇ ಗಂಟು. ಹೊಟ್ಟೆಯ ಮೊದಲ ಭಾಗ ಮುಗಿದ ಕೂಡಲೇ ಮೈ ಸ್ವಲ್ಪ ಕಿರಿದಾಗುತ್ತದೆ. ಸಪೂರವಾದ, ಬಾಗಿದ ದವಡೆ. ಆ ದವಡೆಗಳ ನಡುವೆ ಮುಖದ ಅಂಚು ಚೂಪಾಗಿ ಮುಂದಕ್ಕೆ ಚಾಚಿದೆ. ಇಷ್ಟು ಸೇರಿದರೆ ಅದು ಲೆಪ್ಟೊಜೆನಿಸ್ ಕುಲದ್ದು ಎಂದು ಧೈರ್ಯವಾಗಿ ಹೇಳಬಹುದು. ಪೂರ್ತಿ ಖಾತ್ರಿ ಬೇಕಿದ್ದರೆ ಕಾಲಿನ ತುದಿಯ ಉಗುರು ನೋಡಬೇಕು. ಈ ಕುಲದ ಉಗುರಿನ ಒಳಬದಿಯಲ್ಲಿ ಬಾಚಣಿಗೆಯ ಹಾಗೆ ಹಲ್ಲುಗಳಿರುತ್ತವೆ. ಎಷ್ಟು ಒಳ್ಳೆಯ ಕ್ಯಾಮೆರಾ ಇದ್ದರೂ ಕಾಡಿನಲ್ಲಿ ಓಡುತ್ತಿರುವ ಇರುವೆಯ ಉಗುರು ಸಿಗುವುದು ಕಷ್ಟ. ಅದಕ್ಕೆ ಮೈಕ್ರೋಸ್ಕೋಪೇ ಬೇಕು.

ಇಲ್ಲಿಗೆ ಕುಲ ಸಿಕ್ಕಿತು. ಪ್ರಭೇದ ಸಿಗಲಿಲ್ಲ. ಈ ಒಂದು ಕುಲದಲ್ಲಿ ಜಗತ್ತಿನಾದ್ಯಂತ 300ಕ್ಕೂ ಹೆಚ್ಚು ಪ್ರಭೇದಗಳಿವೆ. ಪಶ್ಚಿಮ ಘಟ್ಟದಲ್ಲೂ ಹಲವು ಇವೆ. ನಮ್ಮ ಬಯಲಿನಲ್ಲೂ ಕಾಣುವಂಥದ್ದು ಲೆಪ್ಟೊಜೆನಿಸ್ ಪ್ರೊಸೆಷನಾಲಿಸ್. ಮಳೆ ಬಿದ್ದ ಮಾರನೇ ದಿನ ಕೊಂಡಜ್ಜಿ ಗುಡ್ಡದ ಕಡೆ ಹೋದರೆ ಇದರ ಸಾಲು ಸಿಗುತ್ತದೆ. ಮೆಕ್ಕೆಜೋಳದ ಹೊಲದ ಬದುವಿನಲ್ಲೂ ನೋಡಿದ್ದೇನೆ. ಕಡು ಬಣ್ಣ, ಮೈಮೇಲೆ ಹೊಳಪು, ಒಂದು ಸೆಂಟಿಮೀಟರಿಗಿಂತ ಚಿಕ್ಕದು. ಕುಟುಕಿದರೆ ಚುರ್ರೆನ್ನುತ್ತದೆ. ರೈತರು ಇದನ್ನು ಕಂಡರೆ ಪುಡಿ ಉದುರಿಸುತ್ತಾರೆ. ಗೆದ್ದಲಿನಿಂದ ಬೆಳೆ ಹೋಯಿತು ಅನ್ನುವವರು ಗೆದ್ದಲು ತಿನ್ನುವ ಇರುವೆಯನ್ನೇ ಸಾಯಿಸಿದರೆ ಹೇಗೆ?

ಫೋಟೊದಲ್ಲಿರುವುದು ಇದೇ ಇರಬಹುದು, ಇದರ ಹತ್ತಿರದ ಇನ್ನೊಂದೂ ಇರಬಹುದು. ಯಾರೂ ಇನ್ನೂ ಹೆಸರಿಡದ ಪ್ರಭೇದವೂ ಆಗಿರಬಹುದು. ಕಾಡಿನ ಇರುವೆಯ ವಿಷಯದಲ್ಲಿ ಇದು ಅತಿಶಯದ ಮಾತಲ್ಲ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಅರುಣಾಚಲದ ಸಿಯಾಂಗ್ ಕಣಿವೆಯಲ್ಲಿ, ಒಂದು ಮರದ ಪೊಟರೆಯೊಳಗೆ ನೀಲಿ ಇರುವೆ ಕಂಡರು. 2024ರಲ್ಲಿ ಅದಕ್ಕೆ ಪ್ಯಾರಾಪ್ಯಾರಾಟ್ರೆಕಿನಾ ನೀಲ ಎಂದು ಹೆಸರಿಟ್ಟರು. ಅವರು ಇರುವೆಯನ್ನು ಹಿಡಿದು ತಂದಿದ್ದರಿಂದ ಅದು ಆಯಿತು. ಬರೀ ಫೋಟೊ ಹೊಡೆದು ಬಂದಿದ್ದರೆ ‘ನೀಲಿ ಇರುವೆಯ ಚಂದದ ಚಿತ್ರ’ ಅಷ್ಟೇ ಉಳಿಯುತ್ತಿತ್ತು.

ಹೊಸ ಪ್ರಭೇದವನ್ನು ಜಗತ್ತಿಗೆ ಹೇಳುವಾಗ ಒಂದು ಮೂಲ ಮಾದರಿಯನ್ನು ತೋರಿಸಿ, ಅದನ್ನು ಯಾವ ಸಂಗ್ರಹದಲ್ಲಿ ಇಡಲಾಗಿದೆ ಎಂದು ಬರೆಯಬೇಕು. ನಾಳೆ ಯಾರಿಗೆ ಅನುಮಾನ ಬಂದರೂ ಅಲ್ಲಿಗೆ ಹೋಗಿ ಆ ಒಂದು ಇರುವೆಯನ್ನೇ ನೋಡಬೇಕು. ಇದು ಎಷ್ಟು ಮುಖ್ಯ ಅನ್ನುವುದಕ್ಕೆ ನಮ್ಮ ಬಯಲಿನ ಸಾಲು ಇರುವೆಯ, ಅಂದರೆ ಲೆಪ್ಟೊಜೆನಿಸ್ ಪ್ರೊಸೆಷನಾಲಿಸ್‌ನ ಕಥೆಯೇ ಸಾಕು. ಇದನ್ನು ಮೊದಲು ವಿವರಿಸಿದವರು ಮದ್ರಾಸ್ ಸೇನೆಯಲ್ಲಿ ವೈದ್ಯರಾಗಿದ್ದ ಜರ್ಡನ್. 1851ರಲ್ಲಿ ದಕ್ಷಿಣ ಭಾರತದ ಇರುವೆಗಳ ದೊಡ್ಡ ಪಟ್ಟಿಯನ್ನೇ ಅವರು ಅಚ್ಚು ಹಾಕಿಸಿದರು. ಆದರೆ ಅವರು ನೋಡಿ ಬರೆದ ಹಲವು ಇರುವೆಗಳ ಮೂಲ ಮಾದರಿಗಳು ಇವತ್ತು ಎಲ್ಲೂ ಇಲ್ಲ. ನಂತರ ಬಂದವರು ಬರಹ ಓದಿ, ‘ಇದೇ ಇರಬೇಕು’ ಎಂದು ತಾಳೆ ಹಾಕಿಕೊಳ್ಳಬೇಕಾಯಿತು.

ಮೇಲೆ ಹೇಳಿದ ದಕ್ಷಿಣ ಅಮೆರಿಕದ ನಿಯೋಪೊನೆರಾ ಕಮ್ಯುಟಾಟವನ್ನು ಕೀಟತಜ್ಞ ರೋಜರ್ 1860ರಲ್ಲಿ ಮೊದಲು ಸೇರಿಸಿದ್ದು ಪೊನೆರಾ ಕುಲಕ್ಕೆ. ಆಮೇಲೆ ಅದನ್ನು ಪ್ಯಾಕಿಕಾಂಡೈಲಾಕ್ಕೆ ಸೇರಿಸಿದರು. 2014ರಿಂದ ಅದು ನಿಯೋಪೊನೆರಾ. ಹೆಸರು ಬದಲಾಗುತ್ತಲೇ ಇರುತ್ತದೆ. ಪಿನ್ನಿನ ಮೇಲಿರುವ ಇರುವೆ ಬದಲಾಗುವುದಿಲ್ಲ.

ಇರುವೆಗೆ ನೇರ ಪಿನ್ ಚುಚ್ಚುವುದಿಲ್ಲ ಎಂದು ಎಷ್ಟೋ ಜನರಿಗೆ ಗೊತ್ತಿಲ್ಲ. ದಪ್ಪ ಕಾಗದದಿಂದ ಸಣ್ಣ ತ್ರಿಕೋನ ಕತ್ತರಿಸಿ, ಅದರ ತುದಿಗೆ ಒಂದು ತೊಟ್ಟು ಅಂಟು ಹಚ್ಚಿ, ಇರುವೆಯ ಎದೆಯ ಕೆಳಗೆ ಕೊಟ್ಟು ನಿಲ್ಲಿಸಬೇಕು. ಪಿನ್ ಹೋಗುವುದು ಕಾಗದಕ್ಕೆ. ಅಂಟು ಜಾಸ್ತಿ ಆದರೆ ನಡುವಿನ ಗಂಟು ಮುಚ್ಚಿಹೋಗುತ್ತದೆ, ಆಮೇಲೆ ಗುರುತಿಸಲು ಆಗುವುದಿಲ್ಲ. ಕೆಲವನ್ನು ಆಲ್ಕೊಹಾಲ್‌ನಲ್ಲೂ ಇಡಬೇಕು. ಅದರೊಳಗಿನ ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆಯಬೇಕು, ಬಾಲ್‌ಪೆನ್ ಶಾಯಿ ಕರಗಿಬಿಡುತ್ತದೆ. ಚೀಟಿಯಲ್ಲಿ ಊರು, ತಾಲ್ಲೂಕು, ಜಿಲ್ಲೆ, ತಾರೀಖು, ಹಿಡಿದವರ ಹೆಸರು ಇರಬೇಕು. ‘ಗೆದ್ದಲು ಹೊತ್ತು ಸಾಲಿನಲ್ಲಿ ಹೋಗುತ್ತಿತ್ತು’ ಎಂದು ಬರೆದರೆ ಇನ್ನೂ ಒಳ್ಳೆಯದು. ಚೀಟಿ ಇಲ್ಲದ ಇರುವೆ ಬರೀ ಸತ್ತ ಇರುವೆ. ಅಭಯಾರಣ್ಯದೊಳಗೆ ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನೂ ಹೇಳಿಬಿಡುತ್ತೇನೆ.

ಇದು ದೊಡ್ಡ ಊರಿನವರ ಕೆಲಸ, ನಮ್ಮದಲ್ಲ ಎಂದು ಯಾರೂ ಅಂದುಕೊಳ್ಳಬಾರದು. ಕಾದಂಬರಿಕಾರರಾಗಿ ನಿಮ್ಮ ಓದುಗರಿಗೆ ಗೊತ್ತಿರುವ ಕೆ. ಎನ್. ಗಣೇಶಯ್ಯ ಅವರು ಕೃಷಿ ವಿಜ್ಞಾನಿ. ಈ ಸಾಲು ಇರುವೆಯ ದಾರಿ ಯಾಕೆ ಮರದ ಕೊಂಬೆಯಂತೆ ಕವಲೊಡೆಯುತ್ತದೆ ಎಂಬುದರ ಬಗ್ಗೆ ಅವರು ಸಹೋದ್ಯೋಗಿಯೊಬ್ಬರ ಜೊತೆ 1991ರಲ್ಲಿ ಪ್ರಬಂಧ ಪ್ರಕಟಿಸಿದರು. ಬದುವಿನಲ್ಲಿ ನಾವು ದಾಟಿ ಹೋಗುವ ಇರುವೆಯೇ ಅದು. ಅದರ ಹೆಸರು ಖಚಿತವಾಗಿ ಗೊತ್ತಿದ್ದರಿಂದಲೇ ಬೇರೆ ದೇಶದವರಿಗೂ ಆ ಪ್ರಬಂಧ ಯಾವ ಇರುವೆಯದು ಎಂದು ತಿಳಿಯಿತು.

ಈಗ ನನ್ನ ಸಂಕಟ ಹೇಳುತ್ತೇನೆ. ನಾನು ಕೆಲಸ ಮಾಡಿದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರಕ್ಕೆ ಸೇರುವವರು ಕಡಿಮೆಯಾದರು. ಕೋಣೆ ಕಂಪ್ಯೂಟರ್‌ಗಳಿಗೆ ಬೇಕಾಯಿತು. ಹುಳದ ಪೆಟ್ಟಿಗೆಗಳು ಮೆಟ್ಟಿಲ ಕೆಳಗೆ ಹೋದವು. ನುಸಿ ಗುಳಿಗೆ ಹಾಕುವವರಿಲ್ಲ. ಒಣಗಿದ ಹುಳ ತಿನ್ನುವ ಸಣ್ಣ ಜೀರುಂಡೆ ಒಂದು ಪೆಟ್ಟಿಗೆಗೆ ಹತ್ತಿತೆಂದರೆ ಉಳಿಯುವುದು ಪಿನ್ನು, ಚೀಟಿ, ಬೂದಿಯಂಥ ಪುಡಿ ಮಾತ್ರ. ಆ ಪೆಟ್ಟಿಗೆಗಳಲ್ಲಿ ರಂಗಯ್ಯನದುರ್ಗದ ಕುರುಚಲು ಕಾಡಿನ ಇರುವೆಗಳಿವೆ. ಚಿತ್ರದುರ್ಗದ ಜೋಗಿಮಟ್ಟಿಯವೂ ಇವೆ. ಆಗುಂಬೆಯಿಂದ ತಂದವು ಕೂಡ ಇವೆ, ಅವುಗಳಲ್ಲಿ ಬಾಯಲ್ಲಿ ಗೆದ್ದಲು ಕಚ್ಚಿಕೊಂಡೇ ಒಣಗಿದ ಲೆಪ್ಟೊಜೆನಿಸ್‌ಗಳೂ ಸೇರಿವೆ. ‘ಅಕ್ಕಾ, ಇದು ಯಾವುದು?’ ಎಂದು ಹುಡುಗರು ಕೇಳಿದಾಗ ಉತ್ತರ ಸಿಗದೆ, ಚೀಟಿಯಲ್ಲಿ ಪ್ರಭೇದದ ಜಾಗ ಖಾಲಿ ಬಿಟ್ಟವು ಅವು. ಇನ್ನೂ ಖಾಲಿಯೇ ಇವೆ.

ಬೇರೆ ಕಾಲೇಜುಗಳಲ್ಲೂ ಇಂಥ ಪೆಟ್ಟಿಗೆಗಳು ಇರುತ್ತವೆ. ದಾವಣಗೆರೆ ವಿಶ್ವವಿದ್ಯಾಲಯದವರು ಇವನ್ನೆಲ್ಲ ಒಂದು ಕಡೆ ಸೇರಿಸಿಕೊಳ್ಳಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ಬೇಡಿಕೊಳ್ಳುತ್ತೇನೆ. ಅಲ್ಲಿ ಆಗದಿದ್ದರೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಇದೆ, ಕೀಟಗಳನ್ನು ಗುರುತಿಸಿ ಕಾಪಾಡುವುದೇ ಅವರ ಕೆಲಸ. ಪ್ರಾಂಶುಪಾಲರು ಒಂದು ಪತ್ರ ಬರೆದರೆ ಸಾಕಲ್ವಾ? ಪೆಟ್ಟಿಗೆ ಒರೆಸಿ, ಪಟ್ಟಿ ಮಾಡಿ ಕೊಡಲು ನಾನು ಬರುತ್ತೇನೆ. ಇದಕ್ಕೆ ದುಡ್ಡು ಬೇಡ. ಕಲಿಯಬೇಕು ಅನ್ನುವ ಹುಡುಗರಿದ್ದರೆ ಕಾಗದದ ತುದಿಗೆ ಇರುವೆ ಅಂಟಿಸುವುದನ್ನೂ ಹೇಳಿಕೊಡುತ್ತೇನೆ.

ಸಾಗಿಸುವವರಿಗೆ ಒಂದು ಮಾತು. ಪೆಟ್ಟಿಗೆಗಳನ್ನು ಅಡ್ಡ ಮಲಗಿಸಬೇಡಿ, ಒಂದರ ಮೇಲೊಂದು ಎಸೆಯಬೇಡಿ. ಒಂದು ಪಿನ್ ಸಡಿಲಾಗಿ ಉರುಳಿದರೂ ಅಕ್ಕಪಕ್ಕದ ಇರುವೆಗಳ ಕಾಲು, ಮೀಸೆ ಮುರಿಯುತ್ತವೆ. ಗುರುತಿಸಲು ಬೇಕಾದ ಉಗುರು ಇರುವುದು ಆ ಕಾಲಿನ ತುದಿಯಲ್ಲೇ.

ಇಂತಿ,
ನಿವೃತ್ತ ಲ್ಯಾಬ್ ಅಟೆಂಡರ್,
ದಾವಣಗೆರೆ