ಶಹರಾಜಾದಳ ಕಥೆ ಹೇಳುವ ಮುನ್ನ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹಾಸ್ಟೆಲಿನ ಹುಡುಗಿಯರಿಗೆ 'ಅರೇಬಿಯನ್ ನೈಟ್ಸ್'ನ ಶಹರಾಜಾದಳ ಕಥೆ ಹೇಳಲು ಒಪ್ಪಿಕೊಂಡೆಯಂತೆ, ಬಹಳ ಸಂತೋಷ. ಕುತೂಹಲದ ಜಾಗದಲ್ಲಿ ಕಥೆ ನಿಲ್ಲಿಸಿ ಜೀವ ಉಳಿಸಿಕೊಂಡ ಜಾಣೆ ಎಂದಷ್ಟೇ ಅವಳ ಪರಿಚಯ ಮಾಡಿಕೊಡಬೇಡ. ನಿಲ್ಲಿಸುವುದು ಯಾರಿಗಾದರೂ ಬರುತ್ತದೆ. ಯಾವ ಕಥೆ ಆರಿಸಿಕೊಂಡಳು ಎನ್ನುವುದರಲ್ಲಿದೆ ಅವಳ ಬುದ್ಧಿ.

ಅಪ್ಪನಿಂದಲೇ ಶುರು ಮಾಡು. ಮದುವೆಯಾದ ಹೆಣ್ಣನ್ನು ಮರುದಿನ ಬೆಳಿಗ್ಗೆಯೇ ಕೊಲ್ಲಿಸುವ ರಾಜ ಶಹರಿಯಾರನನ್ನು ಮದುವೆಯಾಗಬೇಡ ಎಂದು ವಜೀರ ಮಗಳಿಗೆ ಎತ್ತು-ಕತ್ತೆಯ ಕಥೆ ಹೇಳುತ್ತಾನೆ. ನೀತಿಯೂ ಉಂಟು, ಬೆದರಿಕೆಯೂ ಉಂಟು, ಮಗಳು ಜಗ್ಗುವುದಿಲ್ಲ. ಈ ಭಾಗ ಬಿಡಬೇಡ. ಮೊದಲ ರಾತ್ರಿ ಅವಳು ರಾಜನಿಗೆ ಬುದ್ಧಿ ಹೇಳಲು ಹೋಗದಿರುವುದು ಏಕೆಂದು ಇದರಿಂದಲೇ ತಿಳಿಯುತ್ತದೆ.

ಅವಳ ಮೊದಲ ಕಥೆ ನೋಡು. ವ್ಯಾಪಾರಿಯೊಬ್ಬ ಖರ್ಜೂರ ತಿಂದು ಬೀಜ ಎಸೆಯುತ್ತಾನೆ, ಅದು ತಗುಲಿ ಜಿನ್ನಿನ ಮಗ ಸಾಯುತ್ತಾನೆ, ಜಿನ್ ಕತ್ತಿ ಎತ್ತುತ್ತದೆ. ಸಿರಿಯಾದ ಹಳೆಯ ಹಸ್ತಪ್ರತಿಯಲ್ಲಿ ಮೊದಲ ರಾತ್ರಿ ಮುಗಿಯುವುದು ಅಲ್ಲೇ. ಮುಂದೆ ಮೂವರು ಮುದುಕರು ಬಂದು, ನಮ್ಮ ಕಥೆ ಹಿಡಿಸಿದರೆ ಒಬ್ಬೊಬ್ಬರಿಗೂ ಇವನ ಪ್ರಾಣದ ಮೂರನೇ ಒಂದು ಪಾಲು ಬಿಟ್ಟುಕೊಡು ಎನ್ನುತ್ತಾರೆ. ಕಥೆ ಕೊಟ್ಟು ಜೀವ ಬಿಡಿಸಿಕೊಳ್ಳಬಹುದು ಎಂಬ ಲೆಕ್ಕ ರಾಜನ ಕಿವಿಗೆ ಬೀಳುವುದು ಹೀಗೆ. ಇದನ್ನು ನೀನು ಬಿಡಿಸಿ ಹೇಳಬೇಡ. ಹೇಳಿದರೆ ಅದು ಮತ್ತೆ ಅಪ್ಪನ ಕಥೆಯಾಗುತ್ತದೆ.

ತಂಗಿ ದುನ್ಯಾಜಾದಳ ಪಾತ್ರಕ್ಕೆ ಒಬ್ಬ ಹುಡುಗಿಯನ್ನು ಕೂರಿಸು. "ಅಕ್ಕಾ, ನಿದ್ದೆ ಬಂದಿಲ್ಲದಿದ್ದರೆ ಒಂದು ಕಥೆ ಹೇಳೇ" ಎಂದು ಅವಳು ಕೇಳಬೇಕು. ತಂಗಿ ಕೇಳಿದ್ದಕ್ಕೇ ಕಥೆ ಹುಟ್ಟಿದ್ದು. ರಾಜ ಅಪ್ಪಣೆ ಕೊಟ್ಟು ಪಕ್ಕದಲ್ಲಿ ಕಿವಿಗೊಟ್ಟವನು. ತಂಗಿಯನ್ನು ತೆಗೆದರೆ ಕೈದಿ ಅರಸನನ್ನು ಬೇಡುವ ಹಾಗಾಗುತ್ತದೆ.

ಎಡವುವುದು ಬೆಸ್ತನ ಕಥೆಯಲ್ಲಿ. ದಿನಕ್ಕೆ ನಾಲ್ಕೇ ಸಲ ಬಲೆ ಬೀಸುವವನಿಗೆ ಮೊದಲು ಸತ್ತ ಕತ್ತೆ, ಕೊನೆಗೆ ಸುಲೇಮಾನನ ಮುದ್ರೆಯ ಹಿತ್ತಾಳೆ ಹೂಜಿ. ಅದರಿಂದ ಹೊರಬಂದ ಜಿನ್ನನ್ನು ಮತ್ತೆ ಹೂಜಿಗೆ ಇಳಿಸಿ ಬೆಸ್ತ ಯೂನಾನ್ ರಾಜನ ಕಥೆ ಹೇಳುತ್ತಾನೆ, ಆ ರಾಜ ಗಿಳಿಯ ಕಥೆ ಹೇಳುತ್ತಾನೆ. ಶಹರಾಜಾದಳನ್ನೂ ಸೇರಿಸಿದರೆ ಮೂರು ಬಾಯಿ. ಒಳಗೆ ಇಳಿಯುವುದು ಸುಲಭ, ಹತ್ತಿ ಬರುವಾಗ ಕೇಳುಗರು ತಪ್ಪಿಹೋಗುತ್ತಾರೆ. ಅದಕ್ಕೇ ಬೆಸ್ತ ಮಾತು ಶುರುಮಾಡುವಾಗ ನಿನ್ನ ಅಂಗೈ ಹೂಜಿಯ ಬಾಯಿ ಮುಚ್ಚಿದ ಹಾಗಿರಲಿ; ಗಿಳಿಯ ಕಥೆ ಮುಗಿದು ಅವನಲ್ಲಿಗೆ ಮರಳಿದಾಗ ಮತ್ತೆ ಹಾಗೇ ಇಡು, ಎಲ್ಲಿದ್ದೇವೆಂದು ಹೇಳುವುದೇ ಬೇಡ.

ಅಲ್ಲಾದೀನನನ್ನು ಕೇಳಿಯೇ ಕೇಳುತ್ತಾರೆ. ಸಿರಿಯಾದ ಆ ಹಸ್ತಪ್ರತಿಯಲ್ಲಿ ಅವನಿಲ್ಲ. 1709ರಲ್ಲಿ ಅಲೆಪ್ಪೊದ ಹನ್ನಾ ದಿಯಾಬ್ ಪ್ಯಾರಿಸಿನಲ್ಲಿ ಫ್ರೆಂಚ್ ಅನುವಾದಕ ಗಲ್ಲಾನನಿಗೆ ಹೇಳಿದ ಕಥೆ ಅದು. ಇನ್ನೊಂದು ದಿನಕ್ಕಿಟ್ಟುಕೋ.

ಪ್ರತಿ ರಾತ್ರಿ ಕಥೆ ನಿಲ್ಲಿಸುವ ಸಾಲು ಅರಬ್ಬಿಯಲ್ಲಿ 'ಸಬಾಹ್', 'ಮುಬಾಹ್' ಎಂದು ಪ್ರಾಸದಲ್ಲಿದೆ. ನೀನು "ಬೆಳಕು ಹರಿಯಿತು, ಅವಳ ಮಾತು ನಿಂತಿತು" ಎನ್ನು. ಪ್ರತಿ ಸಲವೂ ಅದೇ ಪದ, ಅದೇ ತಗ್ಗಿದ ದನಿ. ಹೇಳಿದ ಮೇಲೆ ಅರ್ಧ ನಿಮಿಷ ಏಳಬೇಡ, ಕೂತೇ ಇರು.

ನಿನ್ನ ದೊಡ್ಡಮ್ಮ